ಎಳೆಯರಿಗೆ ಎಡೆ

ಹೊಳಲ್ಕೆರೆಯ ಕಡೆಯ ಗೃಹಸ್ಥರೊಬ್ಬರು ಕಳೆದ ತಿಂಗಳು ನಮಗೊಂದು ಪತ್ರವನ್ನು ಬರೆದಿದ್ದರು. ಅವರ ಮಗನಿಗೆ ಹದಿನಾಲ್ಕು ವರ್ಷ. ಹೈಸ್ಕೂಲಿನ ಮೈದಾನದಲ್ಲಿ ಉಳಿದ ಹುಡುಗರು ಕಬಡ್ಡಿಗೋ ವಾಲಿಬಾಲಿಗೋ ಓಡಿದರೆ, ಇವನೊಬ್ಬನು ಮಾತ್ರ ಕಾಲ್ಚೆಂಡಿನ ಬೆನ್ನು ಹತ್ತಿರುವನಂತೆ. ಇವನನ್ನು ಒಳ್ಳೆಯ ಫುಟ್ಬಾಲ್ ಶಿಕ್ಷಣಶಾಲೆಗೆ ಸೇರಿಸಬೇಕೆಂದು ವ್ಯಾಯಾಮದ ಮೇಷ್ಟರು ಹೇಳುತ್ತಿರುವರು. ತಂದೆಯವರ ಪ್ರಶ್ನೆಯೇ ಬೇರೆ. "ಆರು ವರ್ಷ ಮನೆ ಬಿಟ್ಟು ಕಲಿತ ಮೇಲೆ, ದೊಡ್ಡ ತಂಡದಲ್ಲಿ ಇವನಿಗೆ ಎಡೆ ಕೊಡುವ ಎದೆ ಯಾವ ಮ್ಯಾನೇಜರಿಗೆ ಇದೆ? ಬೆಂಚಿನ ಮೇಲೆ ಕೂರಿಸುವುದಾದರೆ ನಮ್ಮ ಅಂಗಡಿಯ ಬೆಂಚೇ ಇದೆಯಲ್ಲ!" ಎಂದು ಕೇಳಿರುವರು.

ಇದು ಬಂಗಾಳದವರ ಆಟ, ನಮಗೇಕೆ ಎಂದು ನೆರೆಯವರು ಅವರಿಗೆ ಬುದ್ಧಿ ಹೇಳಿದರಂತೆ. ೧೯೪೬-೪೭ರ ಸಾಲಿನಲ್ಲಿ ನಮ್ಮ ಮೈಸೂರು ತಂಡವು ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿಯನ್ನು ತಂದಿತ್ತೆಂಬುದನ್ನು ಆ ನೆರೆಯವರು ಮರೆತಿರಬೇಕು. ಅದು ಹಾಗಿರಲಿ. ತಂದೆಯವರ ಪ್ರಶ್ನೆಯಾದರೋ ತಳ್ಳಿಹಾಕತಕ್ಕದ್ದಲ್ಲ. ಶಿಕ್ಷಣಶಾಲೆಯ ಗಿಡವು ಫಲ ಕೊಡಲು ವರ್ಷಗಳು ಬೇಕು. ಮ್ಯಾನೇಜರನಾದರೋ ವಾರವಾರವೂ ಲೆಕ್ಕ ಒಪ್ಪಿಸಬೇಕು. ನಾಲ್ಕು ಪಂದ್ಯಗಳನ್ನು ಸಾಲಾಗಿ ಸೋತರೆ ಮನೆಗೆ ಹೋಗತಕ್ಕವನು ಅವನೇ ಹೊರತು, ಆಡಿದ ಹುಡುಗನಲ್ಲ. ಮೇಲಾಗಿ ಇಂಡಿಯನ್ ಸೂಪರ್ ಲೀಗಿನಲ್ಲಿ ೨೦೨೧-೨೨ರ ಋತುವಿನಿಂದ ಪರದೇಶದ ನಾಲ್ವರು ಒಮ್ಮೆಗೆ ಕಣದಲ್ಲಿರಬಹುದೆಂದು ನಿಯಮವಾಯಿತು. ಗೋಲು ಹೊಡೆಯುವ ಮುಂಚೂಣಿಯ ಜಾಗವನ್ನು ಬಹುಮಟ್ಟಿಗೆ ಅವರೇ ತುಂಬುವರು. ಹೀಗಿರಲು, ಅನುಭವವಿಲ್ಲದ ಎಳೆಯನನ್ನು ಇಳಿಸುವವನು ತನ್ನ ಅನ್ನವನ್ನೇ ಪಣಕ್ಕೆ ಒಡ್ಡಿದಂತಾಗುವುದು.

ಆದರೂ ಒಡ್ಡಿದವರಿದ್ದಾರೆ. ಬೆಂಗಳೂರು ಎಫ್.ಸಿ. ತಂಡದ ೨೦೨೨-೨೩ರ ಋತುವನ್ನು ವಾಚಕರು ನೆನೆಯಬೇಕು. ಆಗ ಇಂಗ್ಲೆಂಡಿನ ಸೈಮನ್ ಗ್ರೇಸನ್ ಎಂಬವರು ಆ ತಂಡದ ಮುಖ್ಯಶಿಕ್ಷಕರು. ಸುನಿಲ್ ಛೇತ್ರಿಯವರು ನಾಯಕರು, ವಯಸ್ಸು ೩೮, ದೇಶಕ್ಕೇ ಬೇಕಾದವರು. ತಂಡದ ಕಿರಿಯರ ಪಾಳೆಯದಿಂದ ಮೇಲಕ್ಕೆ ಬಂದ ಶಿವಶಕ್ತಿ ನಾರಾಯಣನ್ ಎಂಬ ತಮಿಳು ಹುಡುಗನಿಗೆ ೨೧. ಸೆಪ್ಟೆಂಬರ್ ೧೮ರಂದು ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಮುಂಬಯಿಯ ಎದುರು ಮೊದಲ ಗೋಲನ್ನು ಹೊಡೆದವನು ಈ ಹುಡುಗನೇ. ಕಪ್ಪು ಬೆಂಗಳೂರಿಗೆ ಬಂದಿತು. ಆದರೆ ಬಳಿಕ ಲೀಗಿನಲ್ಲಿ ಸೋಲಿನ ಮೇಲೆ ಸೋಲು. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದು ಹಳಬರನ್ನು ಅಪ್ಪಿಕೊಳ್ಳುವುದು. ಗ್ರೇಸನ್ನರು ಋತುವಿನ ಉತ್ತರಾರ್ಧದಲ್ಲಿ ತದ್ವಿರುದ್ಧವಾಗಿ ನಡೆದರು: ಛೇತ್ರಿಯವರನ್ನು ಬೆಂಚಿನ ಮೇಲೆ ಕೂರಿಸಿ, ಶಿವಶಕ್ತಿಯನ್ನು ಮುಂಚೂಣಿಗೆ ಕಳುಹಿಸಿದರು. ತಂಡವು ಸಾಲಾಗಿ ಎಂಟು ಪಂದ್ಯಗಳನ್ನು ಗೆದ್ದಿತು. ಆ ವರ್ಷದ ಉದಯೋನ್ಮುಖ ಆಟಗಾರನೆಂಬ ಬಹುಮಾನವು ಶಿವಶಕ್ತಿಗೆ ಸಂದಿತು.

ಇಲ್ಲಿ ನಮಗೆ ದೊಡ್ಡದಾಗಿ ಕಾಣುವುದು ಗ್ರೇಸನ್ನರ ಧೈರ್ಯಕ್ಕಿಂತ ಛೇತ್ರಿಯವರ ನಡತೆ. ಮನೆಯ ಹಿರಿಯನು ತಾನು ಕೂರುವ ಮಣೆಯನ್ನು ಕಿರಿಯನಿಗೆ ಬಿಟ್ಟು ಬದಿಗೆ ಸರಿದು ಕುಳಿತಂತೆ ಅವರು ಕುಳಿತರು. ಕರೆದಾಗ ಎದ್ದು ಬಂದರು. ೨೦೨೩ರ ಮಾರ್ಚ್ ೩ರಂದು ಕಂಠೀರವ ಕ್ರೀಡಾಂಗಣದಲ್ಲಿ ಕೇರಳದವರ ಎದುರು ಹೆಚ್ಚುವರಿ ಕಾಲದಲ್ಲಿ ಗೋಲು ಹೊಡೆದವರು ಅವರೇ. ಅದೇ ತಿಂಗಳ ೧೮ರಂದು ಗೋವೆಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಶಿವಶಕ್ತಿ ಆರಂಭದಲ್ಲಿಯೇ ಪೆಟ್ಟು ತಿಂದು ಹೊರಬಿದ್ದನು. ಆ ಜಾಗಕ್ಕೆ ಇಳಿದವರೂ ಛೇತ್ರಿಯವರೇ. ಪಂದ್ಯವು ಪೆನಾಲ್ಟಿಗಳಲ್ಲಿ ಕೈಬಿಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಗ್ರೇಸನ್ನರ ಕೆಲಸವೂ ಹೋಯಿತು. ಎಳೆಯರನ್ನು ನಂಬಿದವನಿಗೆ ಒಡೆಯರು ಅದಕ್ಕಾಗಿ ವಿನಾಯಿತಿ ಕೊಡುವುದಿಲ್ಲ.

ಅವರ ಬಳಿಕ ಬಂದ ಸ್ಪೇನಿನ ಜೆರಾರ್ಡ್ ಸರಗೋಸ ಅವರು ೨೦೨೪ರ ಸೆಪ್ಟೆಂಬರ್ ೧೪ರಂದು ಋತುವಿನ ಮೊದಲನೆಯ ಪಂದ್ಯದಲ್ಲಿಯೇ, ಕ್ಲಬ್ಬಿನ ಶಾಲೆಯಲ್ಲಿ ಬೆಳೆದ ಬೆಂಗಳೂರಿನ ಹುಡುಗ ವಿನೀತ್ ವೆಂಕಟೇಶನನ್ನು ಇಳಿಸಿದರು. ಇನ್ನೂ ಇಪ್ಪತ್ತು ತುಂಬದವನು. ಈಸ್ಟ್ ಬೆಂಗಾಲಿನ ಎದುರು ಆ ದಿನ ಬಿದ್ದುದು ಒಂದೇ ಗೋಲು, ಅದು ಇವನದು.

ಗೋಲು ಹೊಡೆದ ದಿನ ಬೆನ್ನು ತಟ್ಟುವುದೇನೂ ದೊಡ್ಡದಲ್ಲ. ಹುಡುಗನು ಚೆಂಡನ್ನು ವೈರಿಯ ಕಾಲಿಗೆ ಒಪ್ಪಿಸಿ ತಂಡವನ್ನು ಸೋಲಿಸಿದ ಮೇಲೆ, ಮುಂದಿನ ಶನಿವಾರದ ಪಟ್ಟಿಯಲ್ಲಿ ಅವನ ಹೆಸರಿರುವುದೋ ಇಲ್ಲವೋ? ನಂಬಿಕೆಯನ್ನು ನಾವು ಅಳೆಯುವುದು ಅಲ್ಲಿ. ೧೯೯೫ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಫರ್ಗುಸನ್ನರು ಹೆಸರುವಾಸಿಯಾದ ಮೂವರನ್ನು ಕಳುಹಿಸಿಕೊಟ್ಟು, ತಮ್ಮ ಶಾಲೆಯ ಹುಡುಗರನ್ನು ತುಂಬಿಕೊಂಡರು. ಆಗಸ್ಟ್ ೧೯ರ ಮೊದಲ ಪಂದ್ಯದಲ್ಲಿ ಮೂರಕ್ಕೆ ಒಂದರಂತೆ ಸೋಲಾಯಿತು. ಮಕ್ಕಳನ್ನು ಕಟ್ಟಿಕೊಂಡು ಯಾರೂ ಗೆಲ್ಲಲಾರರೆಂದು ಹಳೆಯ ಆಟಗಾರರೊಬ್ಬರು ಆ ರಾತ್ರಿಯೇ ದೂರದರ್ಶನದಲ್ಲಿ ತೀರ್ಪು ಕೊಟ್ಟರು. ಫರ್ಗುಸನ್ನರು ಹುಡುಗರನ್ನು ಹಿಂದಕ್ಕೆ ಕರೆಯಲಿಲ್ಲ. ಮರುವರ್ಷದ ಮೇ ತಿಂಗಳಿನಲ್ಲಿ ಲೀಗು, ಕಪ್ಪು ಎರಡೂ ಅವರ ಮನೆ ಸೇರಿದ್ದವು. ಹಾಗೆಂದು ಅದು ಬರಿಯ ಹುಡುಗರ ತಂಡವೂ ಆಗಿರಲಿಲ್ಲ. ಗೋಲಿನ ಬಾಯಲ್ಲಿ ಷ್ಮೈಕೆಲ್, ಮುಂದೆ ಕ್ಯಾಂಟೊನಾ, ಹೀಗೆ ಪಳಗಿದ ಹಿರಿಯರ ನಡುವೆ ಎಳೆಯರು ನಿಂತಿದ್ದರು.

ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ರಂಗಶಾಲೆಯೊಂದಿರುವುದನ್ನು ನಮ್ಮ ವಾಚಕರು ಬಲ್ಲರು. ಅಲ್ಲಿ ಕಲಿತವರಲ್ಲಿ ಅನೇಕರು ೧೯೯೭ರಲ್ಲಿ ಆರಂಭವಾದ ಶಿವಸಂಚಾರವೆಂಬ ತಿರುಗಾಟದ ತಂಡವನ್ನು ಸೇರಿ, ಊರೂರಿನಲ್ಲಿ ಬಣ್ಣ ಹಚ್ಚುವರು. ಒಂದೂರಿನಲ್ಲಿ ಮಾತು ತಪ್ಪಿದ ಹುಡುಗಿಗೆ ಮರುದಿನ ಇನ್ನೊಂದೂರಿನಲ್ಲಿ ಅದೇ ಪಾತ್ರ ಕಾದಿರುತ್ತದೆ. ಫುಟ್ಬಾಲಿನ ಹುಡುಗನಿಗಿಲ್ಲದ ಭಾಗ್ಯವಿದು. ಅವನಿಗೆ ವರ್ಷಕ್ಕೆ ದೊರೆಯುವ ದೊಡ್ಡ ಪಂದ್ಯಗಳೇ ಕೆಲವು. ೨೦೨೫ರ ಜುಲೈ ತಿಂಗಳಿನಲ್ಲಂತೂ ಲೀಗನ್ನೇ ತಡೆಹಿಡಿದಿರುವುದಾಗಿ ನಡೆಸುವವರು ಸಾರಿದರು. ಒಡೆಯರ ವ್ಯಾಜ್ಯದಲ್ಲಿ ವಯಸ್ಸು ಜಾರುವುದು ಆಟಗಾರರದು.

ಇವೆಲ್ಲವನ್ನೂ ನಾವು ಹೊಳಲ್ಕೆರೆಯ ಗೃಹಸ್ಥರಿಗೆ ಬಿಚ್ಚಿ ಬರೆದೆವು. ಬೆಂಗಳೂರು ಕ್ಲಬ್ಬಿನವರ ವಸತಿಶಾಲೆಯು ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿದೆ; ಮೊಳಕಾಲ್ಮೂರನ್ನು ದಾಟಿದರೆ ಬಳ್ಳಾರಿಯ ಸೀಮೆಯೇ. ಯಾವ ಶಾಲೆಯೇ ಆಗಲಿ, ಕಟ್ಟಡವನ್ನೂ ಹುಲ್ಲನ್ನೂ ನೋಡಿ ಮರುಳಾಗಬೇಡಿರಿ. ಕಳೆದ ಐದು ವರ್ಷಗಳಲ್ಲಿ ಇಲ್ಲಿಂದ ದೊಡ್ಡ ತಂಡಕ್ಕೆ ಹೋದವರೆಷ್ಟು ಮಂದಿ, ಹೋದವರು ಎಷ್ಟು ನಿಮಿಷ ಆಡಿದರು, ಹೋಗದೆ ಉಳಿದವರು ಈಗ ಏನು ಮಾಡುತ್ತಿರುವರು, ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಿಸುವರೋ ಇಲ್ಲವೋ ಎಂದು ಎದುರಿಗೇ ಕೇಳಿರಿ ಎಂದೂ ತಿಳಿಸಿದೆವು.

ಮೊನ್ನೆ ಮರುಟಪಾಲಿನಲ್ಲಿ ಉತ್ತರ ಬಂದಿತು. ತಂದೆಯವರು ಬೇಸಗೆಯ ರಜೆಯಲ್ಲಿ ಮಗನನ್ನು ಕರೆದುಕೊಂಡು ಹೋಗಿ ನೋಡಿಬರುವರಂತೆ. ತಾಯಿಯವರು ಮಾತ್ರ ಅಲ್ಲಿ ಹುಡುಗರಿಗೆ ರಾಗಿಮುದ್ದೆ ಹಾಕುವರೋ ಎಂದು ನಮ್ಮನ್ನು ಕೇಳಿರುವರು.