ಈ ಚಾರಣಕ್ಕೆ ರಾಜಾ ಬೇಡ

ಸೆಮಿಸ್ಟರ್ ಪರೀಕ್ಷೆ ಮುಗಿದ ಕೂಡಲೇ, ಜನವರಿಯಲ್ಲಿ ಸಾಗರದ ಕಡೆ ಚಾರಣಕ್ಕೆ ಹೋಗುವುದೆಂದು ನಾವು ನಾಲ್ವರು ಗೆಳೆಯರು ನಿಶ್ಚಯಿಸಿದ್ದೆವು. ಬೆನ್ನಿಗೊಂದು ಬ್ಯಾಗು, ಜೊತೆಗೆ ಕಮತಗಿಯ ನಮ್ಮ ಮನೆಯ ಮುಧೋಳ ನಾಯಿ ರಾಜಾ. ನಾಯಿಯೊಂದಿಗೆ ಬೆಟ್ಟ ಹತ್ತುವ ರೀಲ್ಸ್ ನೋಡಿ ನೋಡಿ ಹುಟ್ಟಿದ ಆಸೆ ಅದು.

ಉಣ್ಣಿ ನಮಗೇನೂ ಹೊಸದಲ್ಲ. ಮಲಪ್ರಭೆಯ ದಂಡೆ ಸುತ್ತಿ ಬಂದ ರಾಜಾನ ಕಿವಿಯಿಂದ ಅವ್ವ ಉಣ್ಣಿ ಕಿತ್ತು ಸೀಮೆಎಣ್ಣೆಗೆ ಹಾಕುತ್ತಾಳೆ. ಹಾಗಾಗಿ ಸಾಗರದ ರೂಮ್‌ಮೇಟ್, ‘ಈ ಟೈಮಲ್ಲಿ ನಾಯಿ ಕರ್ಕೊಂಡು ಕಾಡಿಗೆ ಬರ್ತೀಯಾ ಮಾರಾಯ? ಮಂಗ ಸತ್ತ ಸುದ್ದಿ ಬಂದ್ರೆ ನಮ್ಮಜ್ಜಿ ತರಗೆಲೆ ತರೋಕೂ ಯಾರನ್ನೂ ಬಿಡಲ್ಲ’ ಎಂದಾಗ ನಕ್ಕಿದ್ದೆ. ಓದಿ ತಿಳಿದುಕೊಂಡ ಮೇಲೆ ನಗು ನಿಂತಿತು.

ಅವನು ಹೇಳಿದ್ದು ಮಂಗನ ಕಾಯಿಲೆಯ ಬಗ್ಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ್ದರಿಂದ ಇದಕ್ಕೆ ಕೆಎಫ್‌ಡಿ ಎಂಬ ಹೆಸರು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರು ಇದಕ್ಕೆ ಬಲಿಯಾದರು. ವೈರಾಣು ಹರಡುವುದು ಎಳ್ಳಿಗಿಂತ ಚಿಕ್ಕದಾದ ಮರಿ ಉಣ್ಣಿಗಳಿಂದ. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಚಾರಣದ ಹಂಗಾಮಿನಲ್ಲೇ, ಇವುಗಳ ಕಾಟ ಹೆಚ್ಚು. ಸೋಂಕು ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ.

ನಾಯಿ ಇಲ್ಲಿ ಅಪರಾಧಿಯಲ್ಲ. ಆದರೆ ಪೊದೆಯೊಳಗೆಲ್ಲ ನುಗ್ಗುವುದು ಅದೇ. ಕಾಡಿನ ಉಣ್ಣಿಯನ್ನು ಮೈಮೇಲೆ ಹೊತ್ತು ಟೆಂಟಿಗೆ, ನಾವು ಉಳಿದ ಮನೆಯ ಜಗುಲಿಗೆ ತರುವುದೂ ಅದೇ. ಔಷಧಿಯ ಬೆಲ್ಟ್ ಕಟ್ಟಿದರೂ ಒಂದೂ ಉಣ್ಣಿ ಹತ್ತದೆಂಬ ಖಾತರಿಯಿಲ್ಲ.

ಬಯಲುಸೀಮೆಯ ನಮಗೆ ಇನ್ನೊಂದು ಅಪಾಯವಿದೆ. ಉಣ್ಣಿ ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ. ಅಷ್ಟರಲ್ಲಿ ನಾವು ಊರು ಸೇರಿರುತ್ತೇವೆ. ವಿಪರೀತ ತಲೆನೋವು, ಮೈಕೈ ನೋವು ಎಂದರೆ ಇಲ್ಲಿ ಮೊದಲು ನೆನಪಾಗುವುದು ಡೆಂಗಿ. ಮಲೆನಾಡಿಗೆ ಹೋಗಿದ್ದೆವೆಂದು ನಾವೇ ಹೇಳದಿದ್ದರೆ ವೈದ್ಯರಿಗೆ ಹೇಗೆ ಗೊತ್ತಾಗಬೇಕು?

ಇಷ್ಟಾಗಿಯೂ ನಮಗೆ ಆಯ್ಕೆ ಇದೆ, ಹೋಗದಿದ್ದರೆ ನಡೆಯುತ್ತದೆ. ಸೌದೆ, ತರಗೆಲೆಗೆ ಕಾಡನ್ನೇ ನಂಬಿದವರಿಗೆ ಆ ಆಯ್ಕೆ ಇಲ್ಲ. ಹಳೆಯ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತಿತು. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಹೊಸ ಲಸಿಕೆ ಸಿದ್ಧಪಡಿಸುವ ಕೆಲಸದಲ್ಲಿವೆ. ರೋಗಕ್ಕೆಂದೇ ನಿರ್ದಿಷ್ಟ ಔಷಧಿಯಿಲ್ಲ. ಸದ್ಯಕ್ಕೆ ಅವರ ಕೈಯಲ್ಲಿರುವುದು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ. ಪತ್ತೆಯಾಗಿ ಆರು ದಶಕ ದಾಟಿದ ರೋಗಕ್ಕೆ ಇಷ್ಟೇ ಸಿದ್ಧತೆ ಸಾಕೇ? ಇದು ನಗರದ ರೋಗವಾಗಿದ್ದರೆ ಇಷ್ಟು ತಡವಾಗುತ್ತಿತ್ತೇ?

2024ರ ಜನವರಿಯಲ್ಲಿ ಕುಮಾರ ಪರ್ವತದ ಜನಜಂಗುಳಿಯ ವಿಡಿಯೊ ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಿಗಿ ಮಾಡಿತು. ಅದೇ ವ್ಯವಸ್ಥೆಯನ್ನು ಇದಕ್ಕೂ ಬಳಸಬಹುದು. ಮಂಗಗಳು ಸತ್ತ ಪ್ರದೇಶದ ಮಾಹಿತಿ ಟಿಕೆಟ್ ಜೊತೆಗೇ ಮೊಬೈಲಿಗೆ ಬರಲಿ, ಹಂಗಾಮಿನಲ್ಲಿ ಆ ದಾರಿಗಳು ಮುಚ್ಚಲಿ, ಸಾಕುನಾಯಿ ಬೇಡವೆಂದು ಸ್ಪಷ್ಟವಾಗಿ ಬರೆದಿರಲಿ. ನಮ್ಮ ಪಾಲಿನ ಕೆಲಸವೂ ಇದೆ: ಮೈತುಂಬ ಬಟ್ಟೆ, ಕಾಡಿನಿಂದ ಬಂದೊಡನೆ ಬಿಸಿನೀರಿನ ಸ್ನಾನ, ಜ್ವರ ಬಂದರೆ ಮುಚ್ಚಿಡದೆ ಹೇಳುವುದು.

ನಾವು ಚಾರಣವನ್ನು ಮಳೆಗಾಲದ ನಂತರಕ್ಕೆ ಮುಂದೂಡಿದೆವು. ಆಗಲೂ ರಾಜಾ ಬರುವುದಿಲ್ಲ. ವಿಷಯ ತಿಳಿದು ಅವ್ವ ಅಂದದ್ದು ಇಷ್ಟೇ: ‘ಚಲೋ ಆತು ಬಿಡು. ನಾಯಿಗೇನು ಬೆಟ್ಟ ಹತ್ತೂ ಆಸೆ ಇತ್ತೇನು? ಆಸೆ ಇದ್ದದ್ದು ನಿನಗ.’