ಸಂಶಯದ ಗದ್ಯ ಮತ್ತು ಭೌತಶಾಸ್ತ್ರದ ಹುಟ್ಟು

ಭೌತಶಾಸ್ತ್ರದ ಆರಂಭದ ಚರಿತ್ರೆಯು ನಮ್ಮಲ್ಲಿ ಬಹುಮಟ್ಟಿಗೆ ನಿಯಮಗಳ ಯಾದಿಯಾಗಿ ಪರಿಣಮಿಸಿದೆ. ಗೆಲಿಲಿಯೊ ಇದನ್ನು ಕಂಡುಹಿಡಿದನು, ನ್ಯೂಟನ್ ಅದನ್ನು ನಿರೂಪಿಸಿದನು ಎಂಬ ವಾಕ್ಯಗಳಲ್ಲಿ ಫಲಿತವಿದೆ. ಆ ಫಲಿತಕ್ಕೆ ಮನಸ್ಸು ತಲುಪಿದ ದಾರಿಯಿಲ್ಲ. ಈ ಕೊರತೆ ಭಾಷೆಗೆ ಸಂಬಂಧಿಸಿದ್ದು, ಆದುದರಿಂದ ಕನ್ನಡ ವಿಭಾಗಗಳಿಗೂ ಸಂಬಂಧಿಸಿದ್ದು ಎಂಬುದು ನನ್ನ ನಿಲುವು.

1633ರ ಧರ್ಮನ್ಯಾಯಾಲಯದ ತೀರ್ಪಿನ ಬಳಿಕ ಗೃಹಬಂಧನದಲ್ಲಿದ್ದ ಗೆಲಿಲಿಯೊ ಬರೆದು ಮುಗಿಸಿದ ‘ಎರಡು ಹೊಸ ವಿಜ್ಞಾನಗಳು’ 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾಯಿತು. ಚಲನೆಯನ್ನು ಕುರಿತ ಇದರ ಭಾಗಗಳು ದ್ವಿಭಾಷಿಕವಾಗಿವೆ. ವ್ಯಾಖ್ಯೆ, ಪ್ರಮೇಯ, ಸಾಧನೆಗಳು ಲ್ಯಾಟಿನ್ನಿನಲ್ಲಿವೆ. ಅವುಗಳನ್ನು ಓದುತ್ತ ಸಾಲ್ವಿಯಾಟಿ, ಸಾಗ್ರೆಡೊ, ಸಿಂಪ್ಲಿಚಿಯೊ ಎಂಬ ಮೂವರು ನಡೆಸುವ ಚರ್ಚೆ ಇಟಾಲಿಯನ್ನಿನಲ್ಲಿದೆ. ಪಂಡಿತಭಾಷೆಗೆ ಸಿದ್ಧಾಂತ, ದೇಶಭಾಷೆಗೆ ಸಂಶಯ.

ಬೀಳುವ ವಸ್ತುವಿನ ವೇಗವು ಅದು ಕ್ರಮಿಸಿದ ದೂರಕ್ಕೆ ಅನುಗುಣವಾಗಿ ಹೆಚ್ಚುತ್ತದೆಯಲ್ಲವೆ ಎಂದು ಸಾಗ್ರೆಡೊ ಕೇಳುತ್ತಾನೆ. ನಮ್ಮ ಗ್ರಂಥಕರ್ತನೂ ಕೆಲಕಾಲ ಹಾಗೆಯೇ ನಂಬಿದ್ದನು ಎಂದು ಸಾಲ್ವಿಯಾಟಿ ಒಪ್ಪಿಕೊಳ್ಳುತ್ತಾನೆ. ಇದು ಕೇವಲ ನಾಟಕೀಯ ತಂತ್ರವಲ್ಲ. 1604ರಲ್ಲಿ ಪಾವ್ಲೊ ಸಾರ್ಪಿಗೆ ಬರೆದ ಪತ್ರದಲ್ಲಿ ಗೆಲಿಲಿಯೊ ಇದೇ ತತ್ತ್ವವನ್ನು ಹಿಡಿದಿದ್ದನು. ವೇಗದ ಹೆಚ್ಚಳವನ್ನು ದೂರಕ್ಕಲ್ಲದೆ ಕಾಲಕ್ಕೆ ಹೊಂದಿಸಬೇಕೆಂಬ ತಿಳಿವು ಆಮೇಲಿನದು. ಸುಮಾರು 12 ಮೊಳದ ಮರದ ತೊಲೆಯಲ್ಲಿ ಕೊರೆದ ಕಾಲುವೆ, ಅದಕ್ಕೆ ಹಾಸಿದ ನಯವಾದ ಚರ್ಮಪತ್ರ, ಅದರೊಳಗೆ ಉರುಳುವ ಕಂಚಿನ ಗುಂಡು, ಪಾತ್ರೆಯಿಂದ ಸಣ್ಣಧಾರೆಯಾಗಿ ಸುರಿದ ನೀರನ್ನು ತೂಗಿ ಕಾಲವನ್ನಳೆದ ರೀತಿ, ಈ ಪ್ರಸಿದ್ಧ ಪ್ರಯೋಗದ ವಿವರಣೆಯೂ ಇಟಾಲಿಯನ್ ಭಾಗದಲ್ಲಿಯೇ ಇದೆ.

ನಮಗೆ ದಕ್ಕಿರುವುದು ಈ ಕೃತಿಯ ಲ್ಯಾಟಿನ್ ಅರ್ಧ ಮಾತ್ರವೆನ್ನಬೇಕು. (ಜೊತೆಗೆ ಪೀಸಾ ಗೋಪುರದ ಕತೆ, ಅದಾದರೂ ಶಿಷ್ಯ ವಿವಿಯಾನಿ ಬರೆದ ಜೀವನಚರಿತ್ರೆಯಿಂದ ಬಂದುದೇ ಹೊರತು ಗೆಲಿಲಿಯೊನ ಬರಹದಿಂದಲ್ಲ.) ಪಾರಿಭಾಷಿಕ ಪದಗಳ ವಿಚಾರದಲ್ಲಿಯೂ ಹೀಗೆಯೇ. ಗೆಲಿಲಿಯೊನ ‘ಮೊಮೆಂಟೊ’ ತಕ್ಕಡಿಯ ತೂಕದ ಪ್ರಭಾವವನ್ನೂ ಚಲಿಸುವ ವಸ್ತುವಿನ ರಭಸವನ್ನೂ ಸೂಚಿಸುತ್ತ ಓಲಾಡುವ ಪದ. ಅದಕ್ಕೆ ಇಂದಿನ ‘ಸಂವೇಗ’ವನ್ನು ಹಾಕಿದರೆ ಅನುವಾದ ಸಲೀಸಾಗುತ್ತದೆ, ಚರಿತ್ರೆ ಅಳಿಸಿಹೋಗುತ್ತದೆ.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಪತ್ರಿಕೆಯನ್ನೂ ನಡೆಸಿದರು, ಪಂಪಭಾರತವನ್ನೂ ಸಂಪಾದಿಸಿದರು. ಆ ತಲೆಮಾರಿಗೆ ಇವೆರಡೂ ಬೇರೆ ಬೇರೆ ಓಣಿಗಳಾಗಿರಲಿಲ್ಲ. ಇಂದು ವಿಜ್ಞಾನದ ಕನ್ನಡವನ್ನು ಪದಕೋಶ ಸಮಿತಿಗಳಿಗೆ ಒಪ್ಪಿಸಿ ನಾವು ನಿಶ್ಚಿಂತರಾಗಿದ್ದೇವೆ. ಶೂನ್ಯಸಂಪಾದನೆಯ ಸಂವಾದವನ್ನು ಪಾಠ ಮಾಡುವ ಅಧ್ಯಾಪಕರಿಗೆ ಸಾಗ್ರೆಡೊನ ಪ್ರಶ್ನೆಯ ಧಾಟಿ ಅಪರಿಚಿತವೇನಲ್ಲ. ‘ಎರಡು ಹೊಸ ವಿಜ್ಞಾನಗಳು’ ಕೃತಿಯ ಮೂರನೆಯ ದಿನದ ಸಂವಾದದಿಂದ ಹತ್ತು ಪುಟಗಳನ್ನಾದರೂ, ‘ಮೊಮೆಂಟೊ’ದ ಓಲಾಟವನ್ನು ಹಾಗೆಯೇ ಉಳಿಸಿಕೊಂಡು ಅನುವಾದಿಸಿ, ಸ್ನಾತಕೋತ್ತರ ತರಗತಿಯ ಗದ್ಯಪಠ್ಯದಲ್ಲಿ ಸೇರಿಸಬೇಕು. ಈ ಕೆಲಸ ಭೌತಶಾಸ್ತ್ರ ವಿಭಾಗದ್ದಲ್ಲ, ನಮ್ಮದು.