ಸ್ವತಂತ್ರ ಬ್ಯಾಂಡುಗಳ ಆಯವ್ಯಯ

ಚಲಚ್ಚಿತ್ರದ ಆಶ್ರಯವನ್ನು ಬೇಡದೆ, ತಾವೇ ಹಾಡನ್ನು ಕಟ್ಟಿ, ತಾವೇ ರಾಗವನ್ನು ಹೊಂದಿಸಿ, ತಾವೇ ವಾದ್ಯಗಳನ್ನು ನುಡಿಸಿ ಹಾಡುವ ತರುಣರ ತಂಡಗಳು ಕಳೆದ ಎರಡು ಮೂರು ದಶಕಗಳಿಂದ ನಮ್ಮ ನಾಡಿನಲ್ಲಿ, ವಿಶೇಷವಾಗಿ ಬೆಂಗಳೂರಿನಲ್ಲಿ, ತಲೆಯೆತ್ತಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಬ್ಯಾಂಡು ಎಂಬ ಹೆಸರೇ ಇವುಗಳಿಗೆ ನಿಂತಿದೆ. ಗಣೇಶೋತ್ಸವ, ರಾಜ್ಯೋತ್ಸವಗಳ ಪೆಂಡಾಲುಗಳಲ್ಲಿ ಚಿತ್ರಗೀತೆಗಳನ್ನು ಹಾಡುವ ಆರ್ಕೆಸ್ಟ್ರಾಗಳಿಗೂ ಇವುಗಳಿಗೂ ಇರುವ ಭೇದವನ್ನು ಮೊದಲು ಗ್ರಹಿಸಬೇಕು. ಆರ್ಕೆಸ್ಟ್ರಾದವರು ಜನರು ಈಗಾಗಲೆ ಬಲ್ಲ ಹಾಡನ್ನು ಹಾಡುತ್ತಾರೆ. ಬ್ಯಾಂಡಿನವರು ಜನರು ಇನ್ನೂ ಕೇಳದ ಹಾಡನ್ನು ಹೊತ್ತು ತಿರುಗುತ್ತಾರೆ. ಅವರಿಗೆ ಗಿರಾಕಿಯು ಸಿದ್ಧನಾಗಿರುತ್ತಾನೆ. ಇವರು ಗಿರಾಕಿಯನ್ನು ತಾವೇ ಸಂಪಾದಿಸಿಕೊಳ್ಳಬೇಕು. ಬ್ಯಾಂಡುಗಳ ಆರ್ಥಿಕ ಸಂಕಟಗಳೆಲ್ಲವುಗಳ ಮೂಲವು ಇಲ್ಲಿಯೇ ಇದೆ.

ಈ ತಂಡಗಳ ಹಾಡನ್ನು ಹೊಗಳುವವರಿಗೆ ಕೊರತೆಯಿಲ್ಲ. ಆದರೆ ಅವುಗಳ ಜಮಾಖರ್ಚಿನ ಪುಸ್ತಕವನ್ನು ತೆರೆದು ನೋಡುವವರು ವಿರಳ. ಯಾರ ಹಂಗೂ ಇಲ್ಲದೆ ತಮ್ಮ ಭಾಷೆಯಲ್ಲಿ ತಮ್ಮ ಕಾಲದ ಹಾಡನ್ನು ಹಾಡುವೆವೆಂದು ಹೊರಟವರು ನಾಲ್ಕೈದು ವರುಷಗಳಲ್ಲಿಯೇ ಗಿಟಾರುಗಳನ್ನು ಮಾರಿ ಬೇರೆ ನೌಕರಿಗೆ ತೆರಳುವಂತಾದರೆ, ಅದು ಕೆಲವು ವ್ಯಕ್ತಿಗಳ ಕಷ್ಟವೆಂದು ಸುಮ್ಮನಿರಲಾಗದು. ಅದು ನಾಡಿನ ಹಾನಿ. ಆದುದರಿಂದ ಈ ವಿಷಯವನ್ನು ಭಾವನೆಯಿಂದಲ್ಲ, ಅಂಕಿಗಳಿಂದ ಪರಿಶೀಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಬೆಂಗಳೂರಿನ ಐವರ ತಂಡವೊಂದನ್ನು ಹುಬ್ಬಳ್ಳಿಯ ಕಾಲೇಜೊಂದು ಒಂದು ಲಕ್ಷ ರೂಪಾಯಿ ಸಂಭಾವನೆಗೆ ಕರೆಯಿತೆಂದು ಇಟ್ಟುಕೊಳ್ಳೋಣ. ಕೇಳಿದವರು ಐದು ಜನರಿಗೆ ತಲೆಗೆ ೨೦,೦೦೦ ರೂಪಾಯಿ ಬಂದಿತೆಂದು ಹೇಳಿಯಾರು. ಕಾರ್ಯಕ್ರಮವನ್ನು ಗೊತ್ತುಮಾಡಿದ ವ್ಯವಸ್ಥಾಪಕನಿಗೆ ನೂರಕ್ಕೆ ೧೫ರಂತೆ ೧೫,೦೦೦ ರೂಪಾಯಿ ಸಲ್ಲಬೇಕು. ಧ್ವನಿವ್ಯವಸ್ಥೆಯನ್ನು ನೋಡಿಕೊಳ್ಳುವ ತಂತ್ರಜ್ಞನಿಗೆ ೮,೦೦೦; ಎರಡು ದಿನಗಳ ವಾಹನಕ್ಕೆ ೨೨,೦೦೦; ಏಳು ಜನರ ಊಟ ವಸತಿಗಳಿಗೆ ೧೨,೦೦೦; ಮೂರು ದಿನ ಅಭ್ಯಾಸ ಮಾಡಿದ ಕೊಠಡಿಯ ಬಾಡಿಗೆ ೩,೦೦೦; ತಂತಿ, ಚರ್ಮ, ವಾದ್ಯಗಳ ದುರಸ್ತಿಗೆ ೫,೦೦೦. ಒಟ್ಟು ವೆಚ್ಚವು ೬೫,೦೦೦ ಆಯಿತು. ಉಳಿದ ೩೫,೦೦೦ದಲ್ಲಿ ಮುಂದಿನ ಹಾಡುಗಳ ಧ್ವನಿಮುದ್ರಣಕ್ಕೆಂದು ೧೦,೦೦೦ವನ್ನು ಬೇರೆ ಇಟ್ಟರೆ ಹಂಚಿಕೊಳ್ಳಲು ಉಳಿಯುವುದು ೨೫,೦೦೦, ಎಂದರೆ ತಲೆಗೆ ೫,೦೦೦. ಮೂರು ದಿನದ ಅಭ್ಯಾಸ, ಎರಡು ದಿನದ ಪ್ರಯಾಣ ಸೇರಿ ಐದು ದಿನಗಳ ದುಡಿಮೆಗೆ ದಿನಕ್ಕೆ ಒಂದು ಸಾವಿರವಾಯಿತು. ಅಷ್ಟು ಕಾರ್ಯಕ್ರಮಗಳು ತಿಂಗಳಿಗೆ ಎಷ್ಟು ದೊರೆತಾವು? ಒಂದು ಆಲ್ಬಮ್ಮಿನ ಧ್ವನಿಮುದ್ರಣಕ್ಕೆ ಐದು ಲಕ್ಷ ರೂಪಾಯಿ ಬೇಕೆಂದರೆ, ಹೀಗೆ ಕೂಡಿಸುವ ತಂಡವು ಅದಕ್ಕಾಗಿ ೫೦ ಊರುಗಳಲ್ಲಿ ಹಾಡಬೇಕು. ಈ ಅಂಕಿಗಳು ತಿಳಿವಳಿಕೆಗಾಗಿ ನಾವು ಕಲ್ಪಿಸಿದವು. ಆದರೆ ವೆಚ್ಚದ ಬಾಬುಗಳಲ್ಲಿ ಒಂದೂ ಕಲ್ಪಿತವಲ್ಲ.

ಧ್ವನಿಮುದ್ರಿಸಿದ ಹಾಡಿನಿಂದ ಈ ಕೊರತೆಯು ತುಂಬುವುದೆಂಬ ನಂಬಿಕೆಯು ಹಿಂದೆ ಇತ್ತು. ಕ್ಯಾಸೆಟ್ಟು, ಸಿಡಿಗಳ ಕಾಲದಲ್ಲಿ ಶ್ರೋತೃವು ಹಣ ಕೊಟ್ಟು ಹಾಡನ್ನು ಮನೆಗೆ ಒಯ್ಯುತ್ತಿದ್ದನು. ಈಗ ಹಾಡು ಮೊಬೈಲಿನಲ್ಲಿ ಹರಿದುಬರುತ್ತದೆ. ಒಂದು ಸಲ ಕೇಳಿದ್ದಕ್ಕೆ ಹಾಡಿದವರಿಗೆ ಸಲ್ಲುವುದು ಪೈಸೆಗಳ ಲೆಕ್ಕ. ಸ್ಪಾಟಿಫೈ ಕಂಪನಿಯು ೨೦೨೪ರಲ್ಲಿ ತಂದ ನಿಯಮದಂತೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ ೧,೦೦೦ ಸಲ ಕೇಳಲ್ಪಡದ ಹಾಡಿಗೆ ಧ್ವನಿಮುದ್ರಣದ ಬಾಬಿನಲ್ಲಿ ಏನೂ ದೊರೆಯುವುದಿಲ್ಲ. ಹೊಸ ತಂಡದ ಕನ್ನಡ ಹಾಡಿಗೆ ಇದೊಂದು ಎತ್ತರದ ಹೊಸ್ತಿಲೇ ಸರಿ. ಹೀಗಾಗಿ ಹಾಡು ಇಂದು ಸರಕಾಗಿ ಮಾರಾಟವಾಗುವುದಕ್ಕಿಂತ ಕಾರ್ಯಕ್ರಮಕ್ಕೆ ಕರೆಯಿಸುವ ಆಮಂತ್ರಣಪತ್ರವಾಗಿ ಪರಿಣಮಿಸಿದೆ. ಕಾರ್ಯಕ್ರಮವು ನಿಂತರೆ ಎಲ್ಲವೂ ನಿಲ್ಲುತ್ತದೆ. ೨೦೨೦ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಇದು ಎಲ್ಲರ ಅನುಭವಕ್ಕೂ ಬಂದಿತು.

ಆದರೂ ಹಾಡಿನ ಹಕ್ಕು ನಿಷ್ಪ್ರಯೋಜಕವೆಂದು ತಿಳಿದು ಅದನ್ನು ಬಿಟ್ಟುಕೊಡುವುದು ಆತ್ಮಘಾತವಾದೀತು. ನಮ್ಮ ಕಾನೂನಿನ ಪ್ರಕಾರ ಒಂದು ಮುದ್ರಿತ ಹಾಡಿನಲ್ಲಿ ಮೂರು ಸ್ವತ್ತುಗಳು ಅಡಗಿವೆ: ಸಾಹಿತ್ಯವು ಬರೆದವನದು, ಸಂಗೀತವು ಸಂಯೋಜಿಸಿದವನದು, ಧ್ವನಿಮುದ್ರಿಕೆಯು ಅದನ್ನು ನಿರ್ಮಿಸಿದವನದು. ಸಾಮಾನ್ಯವಾಗಿ ನಿರ್ಮಾಪಕನೆಂದರೆ ಹಣ ಹಾಕಿದವನೇ. ಕಂಪನಿಯ ಹಣದಿಂದ ಮುದ್ರಿಸಿದ ಹಾಡಿನ ಮೂರನೆಯ ಸ್ವತ್ತು ಹೀಗೆ ಮೊದಲ ದಿನವೇ ಕೈಬಿಡುತ್ತದೆ. ಹತ್ತಿಯನ್ನು ಅಗ್ಗವಾಗಿ ಕೊಟ್ಟು ಬಟ್ಟೆಯನ್ನು ದುಬಾರಿಯಾಗಿ ಕೊಂಡ ನಮ್ಮ ಹಿರಿಯರ ಕಾಲದ ಕಥೆಯು ಇದಕ್ಕಿಂತ ಭಿನ್ನವಾಗಿರಲಿಲ್ಲ. ೨೦೧೨ರ ತಿದ್ದುಪಡಿಯು ಸಾಹಿತಿಗೂ ಸಂಯೋಜಕನಿಗೂ ಒಂದು ರಕ್ಷಣೆಯನ್ನು ಒದಗಿಸಿದೆ: ಹಕ್ಕನ್ನು ವಹಿಸಿಕೊಟ್ಟರೂ, ಮುದ್ರಿಕೆಯ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲನ್ನು ಪಡೆಯುವ ಅಧಿಕಾರವನ್ನು ವಾರಸುದಾರರಿಗೋ ಹಕ್ಕುಸ್ವಾಮ್ಯ ಸಂಘಕ್ಕೋ ಹೊರತು ಬೇರಾರಿಗೂ ಬಿಟ್ಟುಕೊಡುವಂತಿಲ್ಲ. ಆದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯಂಥ ಸಂಘದಲ್ಲಿ ಹೆಸರನ್ನೂ ಹಾಡುಗಳನ್ನೂ ದಾಖಲಿಸದವನಿಗೆ ಈ ಹಣವನ್ನು ಮನೆಗೆ ತಂದುಕೊಡುವವರು ಯಾರು? ಕಾನೂನು ಕೊಟ್ಟುದನ್ನು ಅಲಸ್ಯದಿಂದ ಕಳೆದುಕೊಳ್ಳಬಾರದು.

ಪ್ರಸಿದ್ಧ ತಂಡಗಳು ನಡೆದ ದಾರಿಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾದೀತು. ೧೯೯೦ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಇಂಡಿಯನ್ ಓಷನ್ ತಂಡವು ದೊಡ್ಡ ಕಂಪನಿಗಳ ಮೂಲಕ ಹಾಡುಗಳನ್ನು ಹೊರತಂದ ಬಳಿಕ, ೨೦೧೦ರಲ್ಲಿ ತನ್ನ ಹೊಸ ಆಲ್ಬಮ್ಮನ್ನು ತಿಂಗಳಿಗೊಂದು ಹಾಡಿನಂತೆ ಅಂತರ್ಜಾಲದಲ್ಲಿ ಉಚಿತವಾಗಿ ಹಂಚಿತು. ಹಾಡನ್ನು ಮಾರಿ ಬರುವ ಅಲ್ಪ ಪಾಲಿಗಿಂತ ಹಾಡು ಸಾವಿರಾರು ಜನರನ್ನು ಮುಟ್ಟುವುದೇ ಲಾಭವೆಂಬುದು ಅದರ ಲೆಕ್ಕ. ನಮ್ಮ ರಘು ದೀಕ್ಷಿತರು ಶಿಶುನಾಳ ಶರೀಫರ ತತ್ವಪದಗಳನ್ನು ಹೊಸ ವಾದ್ಯಗಳೊಡನೆ ಹಾಡಿ ವಿದೇಶದ ವೇದಿಕೆಗಳವರೆಗೂ ಒಯ್ದವರು. ಅವರ ಮೊದಲ ಆಲ್ಬಮ್ಮು ೨೦೦೮ರಲ್ಲಿ ಹೊರಬರಲು ಮುಂಬಯಿಯ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರರು ಕೈಹಿಡಿಯಬೇಕಾಯಿತು. ಅದೇ ವರ್ಷ ಅವರು ಕನ್ನಡ ಚಿತ್ರಕ್ಕೂ ಸಂಗೀತ ನೀಡಿದರು. ೧೯೯೬ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದವರು ಸಂಗೀತಶಾಲೆಯನ್ನು ತೆರೆದರು. ಉಚಿತ ಹಂಚಿಕೆ, ಚಿತ್ರಸಂಗೀತ, ಬೋಧನೆ, ಈ ಮೂರೂ ಗೌರವದ ಮಾರ್ಗಗಳೇ. ಆದರೆ ಇಷ್ಟು ಹೆಸರಾದವರೂ ವೇದಿಕೆಯ ಒಂದೇ ವರಮಾನವನ್ನು ನಂಬಿ ಕುಳಿತವರಲ್ಲವೆಂಬುದನ್ನು ಹೊಸಬರು ಗಮನಿಸತಕ್ಕದ್ದು.

ಕಲೆಯನ್ನು ಉದ್ಯಮವಾಗಿ ನಡೆಯಿಸುವುದು ಕನ್ನಡಿಗರಿಗೆ ಹೊಸದೇನೂ ಅಲ್ಲ. ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯು ಊರೂರಿಗೆ ರಂಗಸಾಮಗ್ರಿಗಳನ್ನು ಹೊತ್ತು ತಿರುಗಿ, ಟಿಕೀಟಿನ ಹಣದಿಂದಲೇ ನೂರಾರು ಜನರಿಗೆ ಅನ್ನವಿತ್ತು, ೧೯೩೪ರಲ್ಲಿ ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿತು. ಕರಾವಳಿಯ ಯಕ್ಷಗಾನ ಮೇಳಗಳ ವ್ಯವಸ್ಥೆಯು ಇನ್ನೂ ವಿಚಾರಾರ್ಹವಾಗಿದೆ. ಟಿಕೀಟನ್ನು ನಂಬಿದ ಡೇರೆ ಮೇಳಗಳು ಒಂದೊಂದಾಗಿ ಕುಗ್ಗಿದರೂ, ಕಟೀಲು, ಮಂದಾರ್ತಿಗಳ ಹರಕೆ ಮೇಳಗಳಿಗೆ ಭಕ್ತರು ಎಷ್ಟೋ ವರ್ಷಗಳ ಮುಂಚಿತವಾಗಿಯೇ ಆಟವನ್ನು ಗೊತ್ತುಮಾಡಿರುತ್ತಾರೆ. ಅಲ್ಲಿ ವೀಳ್ಯವು ನಿಶ್ಚಿತ. ತಿರುಗಾಟದ ಅವಧಿಯು ನಿಶ್ಚಿತ. ಕಲಾವಿದನ ಸಂಬಳವು ನಿಶ್ಚಿತ. ನಷ್ಟವೇನಾದರೂ ಬಂದರೆ ಅದನ್ನು ಹೊರುವ ಯಜಮಾನನೊಬ್ಬನುಂಟು. ಬ್ಯಾಂಡಿನಲ್ಲಿ ಕಲಾವಿದರೇ ಯಜಮಾನರು, ನಷ್ಟವೂ ಅವರದೇ. ಬ್ಯಾಂಡಿಗೆ ದೇವಿಯ ಹರಕೆಯಿಲ್ಲ ನಿಜ. ಆದರೆ ಮುಂಗಡವಾಗಿ ಮಾತುಕೊಟ್ಟು ಹಣ ಕಟ್ಟುವ ಅಭಿಮಾನಿಗಳ ವೃಂದವನ್ನು ಕಟ್ಟಿಕೊಳ್ಳುವುದು ಅಸಾಧ್ಯವಲ್ಲ. ವರ್ಷಕ್ಕೆ ೧,೦೦೦ ರೂಪಾಯಿ ಕೊಡುವ ೫೦೦ ಮನೆಗಳು ದೊರೆತರೆ ಆಗುವುದು ಐದು ಲಕ್ಷ. ಮೇಲೆ ಹೇಳಿದ ಐವತ್ತು ಊರುಗಳ ಉಳಿತಾಯವು ಒಂದೇ ವರ್ಷದಲ್ಲಿ ಕೂಡಿತು.

ಈಗ ತಂಡಗಳವರಿಗೇ ಕೆಲವು ಮಾತುಗಳು. ಸ್ನೇಹದಿಂದ ಕೂಡಿದವರು ಕಾಗದಕ್ಕೆ ಸಂಕೋಚಪಡುತ್ತಾರೆ. ಲಾಭದ ಉದ್ದೇಶದಿಂದ ಕೂಡಿ ದುಡಿದು ಹಂಚಿಕೊಳ್ಳುವವರನ್ನು ೧೯೩೨ರ ಪಾಲುದಾರಿಕೆ ಕಾನೂನು, ಅವರು ಬರೆದುಕೊಳ್ಳಲಿ ಬಿಡಲಿ, ಪಾಲುದಾರರೆಂದೇ ಎಣಿಸೀತು. ಕರಾರು ಇಲ್ಲದಿದ್ದರೆ ಲಾಭನಷ್ಟಗಳೆರಡೂ ಸಮಪಾಲು. ಹತ್ತು ವರ್ಷ ಹಾಡು ಕಟ್ಟಿದವನಿಗೂ ನಿನ್ನೆ ಬಂದು ತಬಲ ನುಡಿಸಿದವನಿಗೂ ಇದು ಒಪ್ಪಿಗೆಯೇ? ಅಲ್ಲದೆ, ನೋಂದಣಿಯಾಗದ ಪಾಲುದಾರಿಕೆಯು ಬಾಕಿ ಉಳಿಸಿಕೊಂಡ ಸಂಘಟಕನ ಮೇಲೆ ಕರಾರಿನ ಆಧಾರದಿಂದ ದಾವೆ ಹೂಡುವಂತಿಲ್ಲ. ಹಾಡು ಬರೆದವನಿಗೆ ಎಷ್ಟು, ನುಡಿಸಿದವನಿಗೆ ಎಷ್ಟು, ಬಿಟ್ಟುಹೋದವನಿಗೆ ಎಷ್ಟು, ತಂಡದ ಹೆಸರು ಯಾರದು ಎಂಬ ನಾಲ್ಕು ಪ್ರಶ್ನೆಗಳಿಗೆ ಹಣವು ಬರುವ ಮೊದಲೇ ಉತ್ತರವನ್ನು ಬರೆದಿಡಬೇಕು. ಹಣ ಬಂದ ಬಳಿಕ ಸ್ನೇಹಿತರು ನ್ಯಾಯವಾದಿಗಳಾಗುತ್ತಾರೆ.

ಸಂಘಟಕರ ನಡತೆಯೂ ತಿದ್ದುಪಡಿಯನ್ನು ಬೇಡುತ್ತದೆ. ಪೆಂಡಾಲಿನವನಿಗೆ, ಅಡುಗೆಯವನಿಗೆ, ವಿದ್ಯುದ್ದೀಪದವನಿಗೆ ಮುಂಗಡ ಕೊಡುವವರು ಹಾಡುವವನಿಗೆ ಮಾತ್ರ ‘ನಿಮಗೆ ಪ್ರಚಾರ ದೊರೆಯುತ್ತದೆ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಪ್ರಚಾರದಿಂದ ಬಾಡಿಗೆ ತೀರುವುದಿಲ್ಲ. ಅರ್ಧ ಹಣ ಮುಂಗಡ, ಉಳಿದರ್ಧ ವೇದಿಕೆಯಿಂದ ಇಳಿಯುವ ದಿನ, ಇದು ಎಲ್ಲ ಕಡೆಯ ಪದ್ಧತಿಯಾಗಬೇಕು. ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡವರಿಗೆ ೪೫ ದಿನಗಳೊಳಗೆ ಹಣ ಸಲ್ಲಬೇಕೆಂದೂ, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂದೂ ೨೦೦೬ರ ಕಾನೂನು ವಿಧಿಸುತ್ತದೆ. ಬ್ಯಾಂಡುಗಳು ತಮ್ಮನ್ನು ಉದ್ಯಮವೆಂದು ಭಾವಿಸಿ ಈ ರಕ್ಷಣೆಯನ್ನು ಕೇಳಿಕೊಳ್ಳಬೇಕು.

ಸರಕಾರದ ಪಾಲೂ ಕಡಿಮೆಯದಲ್ಲ. ನಮ್ಮಲ್ಲಿ ‘ಲೈವ್ ಬ್ಯಾಂಡ್’ ಎಂಬ ಮಾತು ಹೋಟೆಲುಗಳ ನರ್ತನಶಾಲೆಗಳಿಗೆ ಅಂಟಿ ಕೆಟ್ಟ ಹೆಸರನ್ನು ಪಡೆಯಿತು. ಅವುಗಳನ್ನು ನಿಯಂತ್ರಿಸಲು ೨೦೦೫ರಲ್ಲಿ ಬೆಂಗಳೂರಿನಲ್ಲಿ ಹೊರಟ ಆಜ್ಞೆಯನ್ನು ೨೦೧೮ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದ ಮೇಲೆ, ಅದೇ ವರ್ಷ ಪೋಲೀಸರ ನೋಟೀಸುಗಳಿಗೆ ಅಂಜಿ ಅನೇಕ ಉಪಾಹಾರಗೃಹ, ಪಬ್ಬುಗಳು ಗಿಟಾರು ನುಡಿಸುವ ಹುಡುಗರನ್ನೂ ಹೊರಗೆ ಕಳುಹಿಸಿದವು. ಹೊಸ ತಂಡಗಳು ಪಳಗುವ ಸಣ್ಣ ವೇದಿಕೆಗಳು ಹೀಗೆ ಒಂದು ಶಬ್ದದ ಗೊಂದಲದಿಂದ ಮುಚ್ಚಿಹೋದವು. ಹಾಡುವುದಕ್ಕೆ ಬೇರೆಯೇ ಆದ, ಸುಲಭವಾದ ಪರವಾನಗಿಯು ಬೇಕು.

ತೆರಿಗೆಯಲ್ಲಿಯೂ ಇಂಥದೇ ವೈಚಿತ್ರ್ಯವುಂಟು. ೨೦೧೭ರಿಂದ ಜಾರಿಯಲ್ಲಿರುವ ಜಿಎಸ್‌ಟಿಯಲ್ಲಿ ಜಾನಪದ ಅಥವಾ ಶಾಸ್ತ್ರೀಯ ಕಲೆಯ ಪ್ರದರ್ಶನಕ್ಕೆ ೧,೫೦,೦೦೦ ರೂಪಾಯಿಗಳವರೆಗಿನ ಸಂಭಾವನೆಯು ವಿನಾಯಿತಿ ಪಡೆದಿದೆ. ಇದು ಸರಿಯೇ. ಆದರೆ ಹೊಸದಾಗಿ ಕಟ್ಟಿದ ಹಾಡಿಗೆ ಈ ವಿನಾಯಿತಿಯಿಲ್ಲ. ವರ್ಷದ ವಹಿವಾಟು ೨೦ ಲಕ್ಷವನ್ನು ಮೀರಿದ ತಂಡವು ನೂರಕ್ಕೆ ೧೮ರಂತೆ ತೆರಿಗೆಯನ್ನು ಹಾಕಬೇಕು. ನಮ್ಮ ಉದಾಹರಣೆಯ ತಂಡಕ್ಕೆ ಅದು ವರ್ಷದಲ್ಲಿ ಇಪ್ಪತ್ತೊಂದನೆಯ ಕಾರ್ಯಕ್ರಮ. ತತ್ವಪದವನ್ನು ಏಕತಾರಿಯೊಡನೆ ಹಾಡಿದರೆ ಜಾನಪದ. ಅದನ್ನೇ ಗಿಟಾರಿನೊಡನೆ ಹಾಡಿದರೆ ಏನು? ಇದನ್ನು ನಿರ್ಣಯಿಸುವ ಭಾರವನ್ನು ತೆರಿಗೆಯ ಅಧಿಕಾರಿಯ ಮೇಲೆ ಹೊರಿಸಬಾರದು. ಸಂಗೀತವು ಯಾವ ಬಗೆಯದೇ ಆಗಿರಲಿ, ಸಣ್ಣ ಸಂಭಾವನೆಗೆಲ್ಲ ಒಂದೇ ವಿನಾಯಿತಿಯು ದೊರೆಯಲೆಂದು ನಮ್ಮ ರಾಜ್ಯ ಸರಕಾರವು ಜಿಎಸ್‌ಟಿ ಮಂಡಲಿಯಲ್ಲಿ ವಾದಿಸಲಿ. ಜಿಲ್ಲಾ ರಂಗಮಂದಿರಗಳನ್ನು ಖಾಲಿ ಇರುವ ದಿನಗಳಲ್ಲಿ ಸ್ವಂತ ಕನ್ನಡ ಹಾಡಿನ ತಂಡಗಳಿಗೆ ಅಲ್ಪ ಬಾಡಿಗೆಗೆ ಕೊಡಲು ಮಂಡಲಿಯ ಅನುಮತಿಯೂ ಬೇಕಿಲ್ಲ.

ಕೊನೆಯ ಮಾತು ವಾಚಕರಿಗೆ. ಮದುವೆಯ ಊಟದಲ್ಲಿ ಒಂದು ಎಲೆಗೆ ಆಗುವ ವೆಚ್ಚವನ್ನು ಚರ್ಚಿಸದ ನಾವು, ಹಾಡಿನ ಟಿಕೀಟಿಗೆ ೩೦೦ ರೂಪಾಯಿ ಎಂದರೆ ಪಾಸು ದೊರೆಯುವುದೇ ಎಂದು ವಿಚಾರಿಸುತ್ತೇವೆ. ೫೦೦ ರೂಪಾಯಿಗಳವರೆಗಿನ ಸಂಗೀತದ ಟಿಕೀಟಿಗೆ ಸರಕಾರವೇ ತೆರಿಗೆಯನ್ನು ಬಿಟ್ಟಿರುವಾಗ ನಾವು ಟಿಕೀಟನ್ನೇ ಬಿಡುವುದು ಶೋಭಿಸುವುದಿಲ್ಲ. ಕನ್ನಡದಲ್ಲಿ ಹೊಸ ಹಾಡು ಬೇಕೆನ್ನುವವರು ಅದರ ಬೆಲೆಯನ್ನು ಕೊಡಲು ಸಿದ್ಧರಾಗಬೇಕು. ಮುಂದಿನ ರಾಜ್ಯೋತ್ಸವಕ್ಕೆ ಪ್ರತಿಯೊಂದು ಕನ್ನಡ ಸಂಘವೂ ಸ್ವಂತ ಹಾಡಿನ ಒಂದು ತಂಡವನ್ನು ಯೋಗ್ಯ ಸಂಭಾವನೆಗೆ, ಮುಂಗಡ ಕೊಟ್ಟು, ಕರೆಯಿಸುವ ಸಂಕಲ್ಪವನ್ನು ಮಾಡಲಿ. ಭಾಷಣಗಳಿಂದ ಆಗದ ಕನ್ನಡದ ಸೇವೆಯು ಅಷ್ಟರಿಂದಲೇ ಆದೀತು.